ಸಿರುಗುಪ್ಪದವನ ಬಿಗಿ ದಾರಿ

ಮೊಮ್ಮಗಳ ನಾಮಕರಣಕ್ಕೆ ಮುಂಚೆ ತಲೆಗೆ ಬಣ್ಣ ಹಾಕಿಸಿಕೊಳ್ಳೋಣವೆಂದು ಬಳ್ಳಾರಿಯ ನಮ್ಮ ಓಣಿಯ ಸಲೂನಿಗೆ ಹೋಗಿದ್ದೆ. ಸಲೂನಿನವ ಬಟ್ಟಲಲ್ಲಿ ಬಣ್ಣ ಕಲಸತೊಡಗಿದ್ದೇ ತಡ, ಅಮೋನಿಯಾದ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಹತ್ತಿತೇನ್ರಿ ಸರ್ ಎನ್ನುತ್ತ ಆತ ಫ್ಯಾನು ಜೋರು ಮಾಡಿದ. ಹತ್ತಿದ್ದು ಬೇರೆಯದು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಾಲುವೆ ಕಚೇರಿಯ ಹಿಂದಿನ ಕೋಣೆಯಲ್ಲಿ ಅಮೋನಿಯಾ ಹಬೆ ಹಾಯಿಸಿ ನಕ್ಷೆಗಳ ಪ್ರತಿ ತೆಗೆಯುತ್ತಿದ್ದಾಗ ಏಳುತ್ತಿದ್ದ ಘಾಟು ಅದೇ. ಇನ್ನೂ ಹಸಿಹಸಿಯಾಗಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುತ್ತಿದ್ದ ಗೆಳೆಯನ ಮುಖ ಕನ್ನಡಿಯಲ್ಲಿ ಬಂದು ನಿಂತಂತಾಯಿತು...

ಕಚೇರಿಯಲ್ಲಿ ಎಲ್ಲರೂ ಅವನನ್ನು ಸಿರುಗುಪ್ಪದವ ಎನ್ನುತ್ತಿದ್ದರು, ನನ್ನನ್ನು ಕುರುಗೋಡಿನವ. ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಿತ್ತು. ಇಬ್ಬರೂ ಬಳ್ಳಾರಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಡಿಪ್ಲೊಮಾ ಓದಿದವರು. ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿ, ಒಂದಕ್ಕೊಂದು ತಾಗಿದ ಎರಡು ಟೇಬಲ್ಲುಗಳಲ್ಲಿ ಕೂತವರು. ಕೊನೆಯ ವರ್ಷದ ಪರೀಕ್ಷೆಯಲ್ಲಿ ಅವನಿಗಿಂತ ನನಗೆ ಎರಡು ಅಂಕ ಹೆಚ್ಚು ಬಂದಿತ್ತು. ಅದು ಅವನಿಗೆ ನೆನಪಿರಲಿಲ್ಲ. ನನಗೆ ಈಗಲೂ ಇದೆ.

ಕೆಲಸಕ್ಕೆ ಸೇರಿದ ಕೆಲವು ವರ್ಷಗಳಿಗೆ ಬೆಂಗಳೂರಿನಲ್ಲಿ ಹದಿನೈದು ದಿನದ ತರಬೇತಿಯೊಂದು ಬಂತು. ದೊಡ್ಡ ಕೆಲಸಗಳನ್ನು ಹೇಗೆ ಯೋಜಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ದಿನ ಎಂಬುದನ್ನು ಲೆಕ್ಕ ಹಾಕುವ ಹೊಸ ವಿಧಾನ. ಕ್ರಿಟಿಕಲ್ ಪಾತ್ ಎಂದು ಅದರ ಹೆಸರು. ನಮ್ಮ ಕಚೇರಿಗೆ ಒಂದೇ ಸೀಟು. ನನಗೇ ಸಿಗುತ್ತದೆಂದುಕೊಂಡು ಭಾವಮೈದುನನ ಸೂಟ್‌ಕೇಸು ಕೇಳಿ ತಂದಿಟ್ಟುಕೊಂಡಿದ್ದೆ. ಸಾಹೇಬರು ಸಿರುಗುಪ್ಪದವನನ್ನು ಆರಿಸಿದರು. ಯಾಕೆಂದು ಗುಮಾಸ್ತರು ಕೇಳಿದಾಗ, ಕುರುಗೋಡಿನವ ಬುದ್ಧಿವಂತ ನಿಜ, ಆದರೆ ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಮನುಷ್ಯ, ಇವನಾದರೆ ಬಂದು ನಾಲ್ಕು ಜನಕ್ಕೆ ಹೇಳಿಕೊಡುತ್ತಾನೆ ಎಂದರಂತೆ. ಸೀಟು ತಪ್ಪಿದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು. ಆ ಸೂಟ್‌ಕೇಸನ್ನೇ ಅವನಿಗೆ ಕೊಟ್ಟು, ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದೆ. ನಗುನಗುತ್ತಲೇ.

ಹದಿನೈದು ದಿನ ಕಳೆದು ಬಂದವನು ಟೇಬಲ್ಲಿನ ತುಂಬ ಒಂದು ನಕ್ಷೆ ಹರಡಿದ. ಸಣ್ಣ ಸಣ್ಣ ವೃತ್ತಗಳು, ಅವುಗಳ ನಡುವೆ ಬಾಣಗಳು, ಪ್ರತಿ ಬಾಣದ ಮೇಲೊಂದು ಕೆಲಸದ ಹೆಸರು, ಕೆಳಗೆ ದಿನಗಳ ಸಂಖ್ಯೆ. ಜನ ಸುತ್ತ ನೆರೆದರು. ಸಾಹೇಬರೇ ತಮ್ಮ ಕೋಣೆಯಿಂದ ಎದ್ದು ಬಂದು ನಿಂತು ಕೇಳಿದರು. ನನ್ನ ಟೇಬಲ್ಲಿಗೆ ಅವರು ಎಂದೂ ಎದ್ದು ಬಂದವರಲ್ಲ. ಅವನು ನಕ್ಷೆ ಬಿಚ್ಚಿದಾಗಲೆಲ್ಲ ನಾನು ಚಹಾ ಕುಡಿಯಲು ಹೊರಗೆ ಹೋಗತೊಡಗಿದೆ. ದಿನಕ್ಕೆ ನಾಲ್ಕೈದು ಚಹಾ ಆಗುತ್ತಿತ್ತು.

ವಿಧಾನವನ್ನು ಮೊದಲು ಪ್ರಯೋಗಿಸಿದ್ದು ಸಿರುಗುಪ್ಪದ ಕಡೆ ಹೋಗುವ ಕಾಲುವೆಯ ಒಂದು ಹಳೆಯ ತೂಬಿನ ಮೇಲೆ. ಬೇಸಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದ ಎಪ್ಪತ್ತು ದಿನಗಳೊಳಗೆ ಹಳೆಯ ಗೋಡೆ ಒಡೆದು, ಹೊಸದು ಕಟ್ಟಿ, ಎರಡು ಕಬ್ಬಿಣದ ಗೇಟು ಕೂಡಿಸಿ, ದಂಡೆಗೆ ಕಲ್ಲು ಹೊದಿಸಿ ಮುಗಿಸಬೇಕು. ಅಷ್ಟರಲ್ಲಿ ಮುಗಿಯದಿದ್ದರೆ ಆ ತೂಬಿನ ಕೆಳಗಿನ ಹೊಲಗಳಿಗೆ ನೀರಿಲ್ಲ. ಆ ಹೊಲಗಳಲ್ಲಿ ಅವನ ಸ್ವಂತ ಊರಿನವರವೂ, ಬಂಧುಗಳವೂ ಇದ್ದವು.

ಅವನು ಪ್ರತಿಯೊಬ್ಬರ ಬಳಿಯೂ ಹೋಗಿ, ನಿಮ್ಮ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಕೇಳಿ ಬರೆದುಕೊಂಡ. ಗೇಟುಗಳು ಹೊಸಪೇಟೆಯ ಕಾರ್ಖಾನೆಯೊಂದರಲ್ಲಿ ತಯಾರಾಗಬೇಕಿತ್ತು. ಕಲ್ಲು ಕುರುಗೋಡಿನ ಗುಡ್ಡದಿಂದ ಬರಬೇಕಿತ್ತು. ಊರಿನವನೆಂದು ಅದು ನನ್ನ ಪಾಲಿಗೆ ಬಂತು. ಕಲ್ಲು ಒಡೆಯುವವರು ನನಗೆ ಬಾಲ್ಯದಿಂದ ಗೊತ್ತು. ಅಷ್ಟು ಕಲ್ಲು ಒಡೆದು ಸಾಗಿಸಲು ಇಪ್ಪತ್ತೈದು ದಿನ ಬೇಕೆಂದೂ ಗೊತ್ತು.

"ಎಷ್ಟು ದಿನ ಬೇಕಲೇ ಕುರುಗೋಡು?" ಎಂದು ಪೆನ್ಸಿಲ್ ಹಿಡಿದು ಕೇಳಿದ.

"ಹನ್ನೆರಡು," ಎಂದೆ.

ಅವನು ತಲೆ ಎತ್ತದೆ ಬರೆದುಕೊಂಡ. ಕಲ್ಲು ತಡವಾಗುತ್ತದೆ, ಅವನ ನಕ್ಷೆ ಹರಿಯುತ್ತದೆ, ಸಾಹೇಬರ ಮುಂದೆ ಅವನ ಮುಖ ಬಾಡುತ್ತದೆ... ಅಷ್ಟೇ ನನಗೆ ಬೇಕಾಗಿದ್ದದ್ದು. ಎರಡು ವಾರ ನಾನು ಸುಖವಾಗಿ ನಿದ್ದೆ ಮಾಡಿದೆ.

ಕಲ್ಲು ಹದಿಮೂರು ದಿನ ತಡವಾಗಿಯೇ ಬಂತು. ಶನಿವಾರದ ಸಭೆಯಲ್ಲಿ ಸಾಹೇಬರು ಕೇಳಿದಾಗ ನಾನು ಬೇಸರದ ಮುಖ ಮಾಡಿ, ಕಲ್ಲಿನವರು ಕೈ ಕೊಟ್ಟರು ಎಂದೆ. ಸಾಹೇಬರು ಅವನತ್ತ ನೋಡಿದರು. ಅವನು ನಕ್ಷೆಯ ಮೇಲೆ ಬೆರಳಿಟ್ಟು, ಏನೂ ತೊಂದರೆ ಇಲ್ಲ ಸರ್, ಕೆಲಸ ಹೇಳಿದ ದಿನಕ್ಕೇ ಮುಗಿಯುತ್ತದೆ ಎಂದ. ಸಾಹೇಬರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ನನ್ನ ಇಡೀ ಕುತಂತ್ರ ಅರ್ಧ ನಿಮಿಷವೂ ನಿಲ್ಲಲಿಲ್ಲ.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ತಡೆಯಲಾರದೆ ಅವನ ಕಡೆ ತಿರುಗಿ, ಹದಿಮೂರು ದಿನ ಎಲ್ಲಿ ಹೋದವು ಎಂದು ಕೇಳಿದೆ. ನಾನಾಗಿ ಕೇಳಿದೆನೆಂಬ ಖುಷಿಗೆ ಅವನು ಅರ್ಧ ತಿಂದಿದ್ದ ರೊಟ್ಟಿ ಬದಿಗಿಟ್ಟು ನಕ್ಷೆ ಬಿಚ್ಚಿದ.

"ನೋಡಲೇ. ಹಳೇ ಗೋಡಿ ಒಡದು ಅಳತಿ ತಗೊಳ್ಳಾಕ ಹದಿನೈದು ದಿನ, ಆಮ್ಯಾಲೆ ಗೇಟು ಮಾಡಾಕ ನಲವತ್ತೈದು ದಿನ ಬೇಕು. ಅದು ಬರೋತನ ಕೂಡಿಸಾಕ ಆಗಂಗಿಲ್ಲ, ಕೂಡಿಸೋತನ ನೀರು ಬಿಡಾಕ ಆಗಂಗಿಲ್ಲ. ಇದು ಬಿಗಿ ದಾರಿ. ಇದ್ರಾಗ ಒಂದು ದಿನ ತಪ್ಪಿದ್ರ ಎಲ್ಲಾ ಒಂದು ದಿನ ತಪ್ಪತೈತಿ. ನಿನ್ನ ಕಲ್ಲು ಅದರ ಮಗ್ಗಲಕ ಬ್ಯಾರೆ ದಾರ್ಯಾಗ ನಡದೈತಿ. ಅದಕ್ಕ ಹದಿನೆಂಟು ದಿನ ಸಡಿಲೈತಿ. ಹದಿಮೂರು ನೀ ತಿಂದಿ, ಇನ್ನೂ ಐದು ಉಳಿದಾವು."

ನಾನು ನಕ್ಷೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಮೊದಲಿನಿಂದ ಕೊನೆಗೆ ದಿನ ಕೂಡಿಸುತ್ತ ಬಂದರೆ ಕೆಲಸ ಎಷ್ಟು ಬೇಗ ಶುರುವಾಗಬಹುದೆಂದು ತಿಳಿಯುತ್ತದೆ. ಹಾಗಾದರೆ ಕೊನೆಯಿಂದ ಹಿಂದಕ್ಕೆ ಕಳೆಯುತ್ತ ಬಂದರೆ ಎಷ್ಟು ತಡವಾಗಬಹುದೆಂದೂ ತಿಳಿಯಬೇಕಲ್ಲ ಎಂದೆ. ಎರಡೂ ಒಂದೇ ಆದಲ್ಲಿ ಬಿಗಿ, ನಡುವೆ ಅಂತರವಿದ್ದಲ್ಲಿ ಸಡಿಲು. ಅವನು ಹೌದೆಂದ. ಚಹಾ ಬರುವಷ್ಟರಲ್ಲಿ ಇಡೀ ನಕ್ಷೆಯನ್ನು ನಾನೇ ಹಿಂದುಮುಂದಾಗಿ ಲೆಕ್ಕ ಹಾಕಿ ಮುಗಿಸಿದ್ದೆ. ಕಲಿತ ಸಂತೋಷ ನನಗಾಗಲಿಲ್ಲ. ಇಷ್ಟು ಸುಲಭದ್ದಕ್ಕೆ ಇವನಿಗೆ ಇಷ್ಟು ಹೆಸರೇ ಎಂಬ ಉರಿ ಮಾತ್ರ ಆಯಿತು. ಜೊತೆಗೆ, ಎಲ್ಲಿ ಒಂದು ದಿನ ತಪ್ಪಿದರೆ ಎಲ್ಲವೂ ತಪ್ಪುತ್ತದೆ ಎಂಬುದು ಈಗ ನನಗೂ ಗೊತ್ತಾಗಿತ್ತು.

ಗೇಟುಗಳು ತಯಾರಾಗುವ ವಾರ ಅವನ ತಂದೆಗೆ ಪಾರ್ಶ್ವವಾಯು ಬಡಿಯಿತು. ರಜೆ ಬರೆದುಕೊಟ್ಟು ಸಿರುಗುಪ್ಪಕ್ಕೆ ಹೊರಡುವಾಗ ನಕ್ಷೆಯನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟ. ಗುರುವಾರ ಬೆಳಿಗ್ಗೆ ಹೊಸಪೇಟೆಗೆ ಹೋಗಿ ಗೇಟು ನೋಡಿ ಸಹಿ ಮಾಡಿ ಲಾರಿ ಹತ್ತಿಸಬೇಕು, ಹನ್ನೊಂದು ಗಂಟೆಯೊಳಗೆ ಹೋಗದಿದ್ದರೆ ಲಾರಿ ಬೇರೆ ಕೆಲಸಕ್ಕೆ ಹೋಗುತ್ತದೆ ಎಂದ.

"ಬ್ಯಾರೆ ಯಾರಿಗರ ಹೇಳಿದ್ರ ಮತ್ತೆ ಮತ್ತೆ ಹೇಳಬೇಕಾಗಿತ್ತು. ನಿನಗ ತಿಳಿದೈತಿ," ಎಂದು ಬಸ್ಸು ಹತ್ತಿದ.

ಗುರುವಾರ ಏಳು ಗಂಟೆಗೇ ನಾನು ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿದ್ದೆ. ಇದನ್ನು ಬರೆಯಲೇಬೇಕು. ತಡವಾಗಿ ಎದ್ದಿರಲಿಲ್ಲ, ಜ್ವರ ಬಂದಿರಲಿಲ್ಲ. ಹೊಸಪೇಟೆಯ ಬಸ್ಸು ಬಂತು, ಜನ ಹತ್ತಿದರು, ಹೋಯಿತು. ಮುಂದಿನದಕ್ಕೆ ಹೋದರಾಯಿತೆಂದು ಬೆಂಚಿನ ಮೇಲೆ ಕೂತೆ. ಮುಂದಿನದೂ ಬಂತು. ಕಂಡಕ್ಟರು ನನ್ನ ಮುಖ ನೋಡಿಯೇ ಹೊಸಪೇಟೆ, ಹೊಸಪೇಟೆ ಎಂದು ಕೂಗಿದ. ಕಾಲು ಏಳಲಿಲ್ಲ... ಬಿಸಿಲು ಏರುತ್ತ ಬೆಂಚು ಸುಡತೊಡಗಿತು. ನಾನು ಹತ್ತಿದ್ದು ಹನ್ನೊಂದರ ಬಸ್ಸು.

ಹೋಗುವಷ್ಟರಲ್ಲಿ ಲಾರಿ ಇರಲಿಲ್ಲ. ಒಂದು ದಿನ ತಪ್ಪುತ್ತದೆ, ಒಂದು ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಆ ಲಾರಿ ಮತ್ತೆ ಸಿಕ್ಕಿದ್ದು ಒಂಬತ್ತು ದಿನಕ್ಕೆ. ಕಚೇರಿಯಲ್ಲಿ, ದಾರಿಯಲ್ಲಿ ಬಸ್ಸು ಕೆಟ್ಟಿತು ಎಂದು ಹೇಳಿದೆ. ಯಾರೂ ಅನುಮಾನಿಸಲಿಲ್ಲ. ಕಾಲುವೆಗೆ ನೀರು ಬಂದ ದಿನ ಗೇಟಿನ ಜಾಗ ಬರಿದಾಗಿತ್ತು. ತೂಬಿನ ಮುಂದೆ ಮಣ್ಣಿನ ಒಡ್ಡು ಹಾಕಿ ನೀರು ತಡೆದೆವು. ನೀರು ಬಿಡುವ ದಿನವನ್ನು ಅವನೇ ಊರೂರಿಗೆ ಹೋಗಿ ಹೇಳಿ ಬಂದಿದ್ದ. ಅವನ ಮಾತಿನ ಮೇಲೆ ಜನ ಭತ್ತದ ಬೀಜ ನೆನೆಹಾಕಿದ್ದರು. ಮೊಳಕೆ ಒಡೆದ ಬೀಜ ಗೋಣಿಚೀಲದಲ್ಲೇ ಹುಳಿ ವಾಸನೆ ಹೊಡೆಯಿತು. ಮಾತು ನಿಂತು ಮಲಗಿದ್ದ ತಂದೆಯ ಮಂಚದ ಪಕ್ಕದಲ್ಲೇ ಊರವರು ನಿಂತು, ನೀರೆಲ್ಲಿ ಎಂದು ಅವನನ್ನು ಕೇಳಿದರಂತೆ.

ವಿಚಾರಣೆಯ ದಿನ ಸಾಹೇಬರು ಇಬ್ಬರನ್ನೂ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ಬಿಗಿ ದಾರ್ಯಾಗಿನ ಕೆಲಸ ಬಿಟ್ಟು ನಾ ಊರಿಗೆ ಹೋಗಬಾರದಿತ್ರಿ ಸರ್. ತಪ್ಪು ನಂದು."

ಒಂದು ತಿಂಗಳಲ್ಲಿ ಅವನಿಗೆ ದೂರದ ಊರಿಗೆ ವರ್ಗವಾಯಿತು. ತಂದೆಯನ್ನು ನೋಡಿಕೊಳ್ಳಬೇಕು, ಒಂದು ವರ್ಷ ತಡೆಯಿರಿ ಎಂದು ಅರ್ಜಿ ಬರೆದ. ಆಗಲಿಲ್ಲ. ಹೊರಡುವ ದಿನ ನನ್ನ ಭುಜ ತಟ್ಟಿ, ನಕ್ಷೆ ಕೆಲಸ ಬಿಡಬೇಡ ಎಂದ. ತಂದೆ ತೀರಿಕೊಂಡಾಗ ಅವನು ಊರಿನಲ್ಲಿರಲಿಲ್ಲ ಎಂದು ಆಮೇಲೆ ಕೇಳಿದೆ.

ನಕ್ಷೆ ಕೆಲಸವನ್ನು ನಾನು ಬಿಡಲಿಲ್ಲ. ಅವನ ಟೇಬಲ್ಲಿಗೆ ಬಂದೆ, ಅವನ ಮಾತುಗಳನ್ನೇ ಬಳಸಿದೆ. ಬಿಗಿ ದಾರಿ, ಸಡಿಲು. ಹೊಸದಾಗಿ ಸೇರಿದವರಿಗೆಲ್ಲ ನಿವೃತ್ತಿಯಾಗುವವರೆಗೂ ನಾನೇ ಕಲಿಸಿದೆ. ಇಷ್ಟು ತಿಳಿಯಾಗಿ ಯಾರೂ ಹೇಳಿಕೊಡುವುದಿಲ್ಲ ಸರ್ ಎಂದು ಅವರು ಅಂದಾಗಲೆಲ್ಲ ಒಳಗೆ ಏನೋ ಚುಚ್ಚುತ್ತಿತ್ತು. ಪಶ್ಚಾತ್ತಾಪವೆಂದರೆ ಸುಳ್ಳಾದೀತು. ಆ ಹೊಗಳಿಕೆ ಅವನಿಗೆ ಹೋಗಬೇಕಾದದ್ದೆಂದು ಗೊತ್ತಿದ್ದು, ಅದಕ್ಕೂ ಅವನ ಮೇಲೇ ಹೊಟ್ಟೆಕಿಚ್ಚು ಪಡುತ್ತಿದ್ದೆ. ಮೂರು ವರ್ಷದ ಹಿಂದೆ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ಸಿರುಗುಪ್ಪದವ ಹೋದನಂತೆ ಎಂದರು. ಮಣ್ಣಿಗೂ ನಾನು ಹೋಗಲಿಲ್ಲ.

ಸಲೂನಿನಿಂದ ಬಂದ ನಾಲ್ಕನೆಯ ದಿನ ಸಿರುಗುಪ್ಪಕ್ಕೆ ಹೋದೆ. ಅವನ ಹೆಂಡತಿ ಈಗ ಮಗಳ ಜೊತೆಗಿದ್ದಾರೆ. ಮಗಳು ಶಾಲೆಗೆ ಹೋಗಿದ್ದಳು, ಟೀಚರು. ಕುರುಗೋಡಿನವ ಎಂದು ಹೇಳಿದ ಕೂಡಲೇ ಅವರು ಕುರ್ಚಿ ಒರೆಸಿ ಕೂಡಿಸಿದರು. ಅವನ ಫೋಟೋಕ್ಕೆ ಗಂಧದ ಹಾರ ಹಾಕಿದ್ದರು. ಫೋಟೋದಲ್ಲಿ ಅವನು ನನಗೆ ಗುರುತೇ ಸಿಗದಷ್ಟು ದಪ್ಪಗಾಗಿದ್ದ. ಈ ಮುಖದ ಜೊತೆ ನಾನು ಒಂದು ಮಾತೂ ಆಡಿಲ್ಲವಲ್ಲ ಎನಿಸಿತು. ನನಗೆ ಗೊತ್ತಿದ್ದವನು ಯಾವಾಗಲೋ ಹೋಗಿದ್ದ, ಇವನು ಹೋದದ್ದು ಆಮೇಲೆ.

ಅವರು ಹಳೆಯದನ್ನೆಲ್ಲ ನೆನೆದರು. ಅಂದು ಬಸ್ಸು ಕೆಟ್ಟು ನಾನು ಬಿಸಿಲಲ್ಲಿ ಒದ್ದಾಡಿದ್ದನ್ನು ಅವನು ಹೇಳುತ್ತಿದ್ದನಂತೆ. ಪಾಪ, ಅವನದೇನು ತಪ್ಪು ಎನ್ನುತ್ತಿದ್ದನಂತೆ. ಕೊನೆಯವರೆಗೂ ಅವನು ಆ ಬಸ್ಸನ್ನು ನಂಬಿದ್ದ. ನಾನು ಚಹಾದ ಲೋಟ ಕೆಳಗಿಟ್ಟೆ. ಈಗ ಹೇಳಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರು ನಕ್ಕರು.

"ಆದ್ರ ನಿಮ್ ಮ್ಯಾಲೆ ಅವ್ರಿಗೆ ಭಾಳ ಹೊಟ್ಟಿಕಿಚ್ಚಿತ್ತು ನೋಡ್ರಿ. ನಾ ಹದಿನೈದು ದಿನ ಬೆಂಗಳೂರಾಗ ಕುಂತು ಕಲ್ತಿದ್ದನ್ನ ಆ ಕುರುಗೋಡಿನವ ಒಂದು ಮಧ್ಯಾಹ್ನದಾಗ ಕಲ್ತುಬಿಟ್ಟ, ಅವನ ತಲಿ ನನಗಿಲ್ಲ ಅಂತಿದ್ರು. ಎಷ್ಟು ಸಲ ಹೇಳ್ಯಾರ."

ಕೇಳಿ ನನಗೆ ಮೊದಲು ಆದದ್ದು ಸಂತೋಷ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಅಷ್ಟು ಸಂತೋಷ ನನಗೆ ಬಡ್ತಿ ಬಂದಾಗಲೂ ಆಗಿರಲಿಲ್ಲ. ಅದರ ಹಿಂದೆಯೇ, ಈ ಮಾತನ್ನು ಅವನ ಬಾಯಿಂದಲೇ ಕೇಳಬಹುದಾಗಿದ್ದ ಎಲ್ಲ ವರ್ಷಗಳೂ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು... ಅವರು ಇನ್ನಷ್ಟು ಚಹಾ ತರಲು ಒಳಗೆ ಹೋದರು. ಬಸ್ಸಿನ ಸತ್ಯ ಹೇಳಲು ಮಾತು ಜೋಡಿಸಿಕೊಂಡು ಕೂತೆ. ಅವರು ಲೋಟ ಹಿಡಿದು ಹೊರಗೆ ಬಂದಾಗ ನನ್ನ ಬಾಯಿಂದ ಬಂದದ್ದು ಬೇರೆಯೇ.

"ಇನ್ನೇನೇನ್ ಅಂತಿದ್ದನ್ರಿ ಅವ, ನನ್ ಬಗ್ಗೆ?" ಎಂದು ಕೇಳಿದೆ.