ತೂಕ ನೋಡುವ ನೆಪ

ಆಕೆಯನ್ನು ಮೊದಲು ಕಂಡ ದಿನ ನನಗೆ ಚೆನ್ನಾಗಿ ನೆನಪಿದೆ. ಎಂಟನೆಯ ತರಗತಿಯ ಮಕ್ಕಳಿಗೆ, ನಿಮ್ಮ ನಿಮ್ಮ ಮನೆತನದ ನಾಲ್ಕು ತಲೆಮಾರನ್ನು ಬರೆದು ತನ್ನಿ ಎಂದು ಮನೆಗೆಲಸ ಕೊಟ್ಟಿದ್ದೆ. ಉಳಿದವರು ತಾತ, ಅಜ್ಜಿ, ಅಪ್ಪ, ಅಮ್ಮ ಎಂದು ಅರ್ಧ ಪುಟ ಗೀಚಿ ಕೈತೊಳೆದುಕೊಂಡಿದ್ದರು. ಹೊಸದಾಗಿ ಶಾಲೆಗೆ ಸೇರಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ನಾಲ್ಕು ಹಾಳೆಗಳನ್ನು ಅಂಟಿಸಿ, ಚಾಪೆಯ ಹಾಗೆ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಮೇಜಿನ ಮೇಲೆ ಬಿಡಿಸಿ ನೋಡಿದರೆ ನಡುವೆ ಎರಡು ಕಡೆ ಹೆಸರಿಲ್ಲದ ಸೊನ್ನೆಗಳು.

"ಇದೇನಮ್ಮ ಇದು?"

"ಅಜ್ಜಿಗೆ ಹುಟ್ಟಿ ಹತ್ತೇ ದಿನಕ್ಕೆ ಹೋದ ಮಕ್ಕಳು ಸಾರ್. ಹೆಸರಿಟ್ಟಿರಲಿಲ್ಲವಂತೆ. ಸತ್ತೋರನ್ನೂ ಬರೀಬೇಕಲ್ವಾ?"

"ಅಜ್ಜಿ ಹೇಳಿದ್ರಾ ನಿನಗೆ?"

"ಮೊದಲು ಬೈದ್ರು. ಆಮೇಲೆ ಅತ್ರು. ಆಮೇಲೆ ಹೇಳಿದ್ರು."

ತರಗತಿ ಗೊಳ್ಳೆಂದು ನಕ್ಕಿತು. ಆ ವಾರದಲ್ಲೇ ಆಕೆಗೆ ಪ್ರಶ್ನೆಮ್ಮ ಎಂಬ ಅಡ್ಡಹೆಸರು ಬಿದ್ದು, ಶಾಲೆ ಬಿಡುವವರೆಗೂ ಅಂಟಿಕೊಂಡೇ ಇತ್ತು.

ಪ್ರಶ್ನೆಮ್ಮ ಮುಂದೆ ವಂಶವಾಹಿಗಳ ಶಾಸ್ತ್ರವನ್ನೇ ಓದಿದಳು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್ ಆಗಿ ಸೇರಿದಳು. ತಂದೆತಾಯಿಯರಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆಗಳ ವಿಷಯವನ್ನು ಆ ಮನೆಯವರಿಗೆ ತಿಳಿಯುವಂತೆ ವಿವರಿಸುವುದು ಆಕೆಯ ಕೆಲಸ. ಔಷಧಿ ಬರೆದುಕೊಡುವಂತಿಲ್ಲ, ಹೀಗೆಯೇ ಮಾಡಿ ಎಂದು ಹೇಳುವಂತೆಯೂ ಇಲ್ಲ. ಇರುವ ಸಂಗತಿಯನ್ನು ಮುಂದಿಟ್ಟು, ಅವರು ಅತ್ತರೆ ಜೊತೆಗೆ ಕುಳಿತು, ನಿರ್ಧಾರವನ್ನು ಅವರಿಗೇ ಬಿಡಬೇಕು.

ನೆಂಟರಿಗೆ ಇದರ ತಲೆಬುಡ ತಿಳಿಯದು. ಆಕೆಯ ಚಿಕ್ಕಮ್ಮ ಒಮ್ಮೆ ಕೇಳಿಯೇ ಬಿಟ್ಟರು: "ಡಾಕ್ಟ್ರಾ? ಅಲ್ಲ. ನರ್ಸಾ? ಅದೂ ಅಲ್ಲ. ಬರೀ ಕೂತು ಮಾತಾಡೋದಕ್ಕೆ ಸಂಬಳ ಕೊಡ್ತಾರೇನೇ? ಹಾಗಿದ್ರೆ ನಾನು ಇಷ್ಟು ಹೊತ್ತಿಗೆ ಅರಮನೆ ಕಟ್ಟಿಸ್ಬೇಕಿತ್ತು!"

"ಮಾತಾಡೋದಕ್ಕಲ್ಲ ಚಿಕ್ಕಮ್ಮ, ಕೇಳಿಸ್ಕೊಳ್ಳೋದಕ್ಕೆ ಕೊಡ್ತಾರೆ."

"ಓ, ಹಾಗಿದ್ರೆ ಅದು ನನ್ನ ಕೈಲಾಗೋ ಕೆಲಸ ಅಲ್ಲ ಬಿಡು."

ಬಂದವರ ಮನೆತನದ ನಕ್ಷೆ ಬರೆಯುವುದರಿಂದ ಕೆಲಸ ಆರಂಭವಾಗುತ್ತದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಸತ್ತವರ ಮೇಲೆ ಓರೆಗೆರೆ, ಕಾಯಿಲೆ ಇದ್ದವರಿಗೆ ಕಪ್ಪು. ಆದರೆ ಗಂಡ, ಅತ್ತೆ, ನಾದಿನಿ ಎದುರು ಕುಳಿತಿರುವಾಗ ಯಾವ ಸೊಸೆ ತಾನೇ ತವರಿನ ಗುಟ್ಟನ್ನು ಬಿಟ್ಟುಕೊಟ್ಟಾಳು? ಅದಕ್ಕೆ ಪ್ರಶ್ನೆಮ್ಮ ಒಂದು ಉಪಾಯ ಕಂಡುಕೊಂಡಿದ್ದಳು. ಎಲ್ಲ ಮುಗಿದ ಮೇಲೆ, "ಒಂದು ಸಲ ತೂಕ ನೋಡಿಬಿಡೋಣ ಬನ್ನಿ" ಎಂದು ಹೆಂಗಸನ್ನು ಮಾತ್ರ ಪಕ್ಕದ ಪುಟ್ಟ ಕೋಣೆಗೆ ಕರೆದುಕೊಂಡು ಹೋಗುವಳು. ತೂಕಕ್ಕೂ ಆಕೆಯ ಕೆಲಸಕ್ಕೂ ಏನೇನೂ ಸಂಬಂಧವಿಲ್ಲ. ಬಾಗಿಲು ಹಾಕಿ, ದನಿ ತಗ್ಗಿಸಿ, "ಹೊರಗೆ ಹೇಳೋಕಾಗದ್ದು ಏನಾದ್ರೂ ಇದೆಯಾ?" ಎಂದು ಕೇಳುವಳು. ಆ ಐದು ನಿಮಿಷದಲ್ಲಿ ಎಷ್ಟೋ ನಕ್ಷೆಗಳು ತಲೆಕೆಳಗಾಗಿದ್ದವು.

ಕೆಲಸಕ್ಕೆ ಸೇರಿ ಎಂಟು ವರ್ಷವಾಗಿದ್ದಾಗ ಒಬ್ಬ ಲೈನ್‌ಮನ್ ತನ್ನ ಹೆಂಡತಿಯನ್ನು ಕರೆತಂದ. ಎರಡು ಸಲ ಗರ್ಭ ನಿಂತಿರಲಿಲ್ಲ. ಜೊತೆಗೆ ಅವನ ತಾಯಿ. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು.

"ನಿಮಗೆ ಅಣ್ಣತಮ್ಮಂದಿರು?"

"ಒಬ್ಬ ಅಣ್ಣ ಇದ್ದನಂತೆ ಮೇಡಂ, ಬಾವಿಗೆ ಬಿದ್ದು ಹೋದ. ಹದಿನೇಳು ವರ್ಷ, ಪಾಪ," ಎಂದರು ಅತ್ತೆ.

ಸೊಸೆ ನೆಲ ನೋಡುತ್ತಿದ್ದಳು. ಪ್ರಶ್ನೆಮ್ಮ ಚೌಕ ಬರೆದು, ಓರೆಗೆರೆ ಎಳೆದು, ಪಕ್ಕದಲ್ಲಿ 'ಅಪಘಾತ' ಎಂದು ಬರೆದಳು. ಹೊರಗೆ ಇನ್ನೂ ಹನ್ನೊಂದು ಮನೆಯವರು ಕಾಯುತ್ತಿದ್ದರು. ಬೆಳಿಗ್ಗೆಯಿಂದ ಬಾಯಿಗೆ ಒಂದು ಗುಟುಕು ನೀರು ಬಿದ್ದಿರಲಿಲ್ಲ. ಅತ್ತೆ ಚೀಲ ಎತ್ತಿಕೊಂಡು, "ಬಸ್ಸು ಹೋದ್ರೆ ಸಂಜೆ ತನಕ ಇನ್ನೊಂದಿಲ್ಲ ಮೇಡಂ" ಎಂದರು. ಸೊಸೆ ಒಮ್ಮೆ ತಲೆಯೆತ್ತಿ ಪಕ್ಕದ ಕೋಣೆಯ ಬಾಗಿಲ ಕಡೆ ನೋಡಿದಳು. ಪ್ರಶ್ನೆಮ್ಮ ಅದನ್ನು ಕಂಡಳು. ಕಂಡೂ, "ಆಯ್ತು, ಹೊರಡಿ" ಎಂದಳು.

ಐದು ವರ್ಷದ ಮೇಲೆ ಆ ಹೆಂಗಸು, ಮಗುವನ್ನು ತೋರಿಸಿಹೋಗಲೆಂದು, ನಾಲ್ಕು ವರ್ಷದ ಮಗನ ಕೈಹಿಡಿದು ಬಂದಳು. ಮಗು ಚೂಟಿ. ಮೇಜಿನ ಮೇಲಿದ್ದ ಗಂಟೆಯನ್ನು ಒತ್ತಿ ಒತ್ತಿ ಆಯಾಳನ್ನು ಮೂರು ಸಲ ಓಡಿ ಬರುವಂತೆ ಮಾಡಿತು. "ಇವನೇ ನಮ್ಮ ಹೊಸ ಸಾಹೇಬ" ಎಂದು ಆಯಾ ಸೊಂಟದ ಮೇಲೆ ಕೈಯಿಟ್ಟಳು. ಎಲ್ಲರೂ ನಕ್ಕರು. ಅಷ್ಟರಲ್ಲಿ ಕೈಯಲ್ಲಿದ್ದ ಚೆಂಡು ಜಾರಿತು. ಹುಡುಗ ನೆಲದಲ್ಲಿ ಕುಳಿತು ಅದನ್ನು ಎತ್ತಿಕೊಂಡ. ಏಳುವಾಗ ಮೊದಲು ಎರಡೂ ಕೈಗಳನ್ನು ನೆಲಕ್ಕೆ ಊರಿದ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವವನ ಹಾಗೆ ಎದ್ದು ನಿಂತ. ಪ್ರಶ್ನೆಮ್ಮನ ನಗು ಅಲ್ಲೇ ನಿಂತುಹೋಯಿತು.

ರಕ್ತಪರೀಕ್ಷೆಯಲ್ಲಿ ಅನುಮಾನ ನಿಜವಾಯಿತು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ತಾಯಿಯಲ್ಲಿ ಹೊರಗೆ ಕಾಣದೆ ಇದ್ದು, ಗಂಡುಮಕ್ಕಳಿಗೆ ಇಳಿಯುವಂಥದ್ದು. ಹತ್ತು ಹನ್ನೊಂದಕ್ಕೆ ನಡಿಗೆ ನಿಲ್ಲುತ್ತದೆ, ಆಮೇಲೆ ಕೈ, ಆಮೇಲೆ ಉಸಿರು. ಹಳೆಯ ಕಡತ ತೆಗೆದರೆ, ತನ್ನದೇ ಕೈಬರಹದಲ್ಲಿ 'ಅಪಘಾತ'.

ಈ ಸಲ ತಾಯಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿದಾಗ ಎಲ್ಲ ಹೊರಬಿತ್ತು. ಅಣ್ಣ ಯಾವ ಬಾವಿಗೂ ಬಿದ್ದಿರಲಿಲ್ಲ. ಒಂಬತ್ತಕ್ಕೆ ನಡಿಗೆ ನಿಂತು, ಹಿಂದಿನ ಕೋಣೆಯಲ್ಲಿ ಮಲಗಿದ್ದವನು ಅಲ್ಲೇ ತೀರಿಕೊಂಡಿದ್ದ. ಮದುವೆಯ ಮಾತುಕತೆ ಮುರಿಯದಿರಲೆಂದು ಅಪ್ಪ ಅಮ್ಮ ಬಾವಿಯ ಕಥೆ ಕಟ್ಟಿದ್ದರು.

"ನನ್ನ ಸುಳ್ಳೇ ನನ್ನ ಮಗನ್ನ ತಿಂತು ಮೇಡಂ" ಎಂದು ಆಕೆ ಹಣೆ ಚಚ್ಚಿಕೊಂಡಳು.

ಪ್ರಶ್ನೆಮ್ಮನ ಕಣ್ಣ ಮುಂದೆ ಬಂದದ್ದು ಆ ತೂಕದ ಕೋಣೆಯ ಬಾಗಿಲು. ತಾನು ಆ ಐದು ನಿಮಿಷ ಕೊಟ್ಟಿದ್ದರೆ ಹೆಂಗಸು ಹೇಳುತ್ತಿದ್ದಳು, ಹೇಳಿದ್ದರೆ ಪರೀಕ್ಷೆಯಾಗುತ್ತಿತ್ತು. ತಪ್ಪನ್ನು ಆಕೆಯೊಬ್ಬಳ ತಲೆಗೇ ಕಟ್ಟಿ ಮನೆಗೆ ಕಳಿಸುವುದು ಹೇಗೆ? ವಿಭಾಗದ ಮುಖ್ಯ ಡಾಕ್ಟರರ ಬಳಿ ಹೋಗಿ, ಆ ತಾಯಿಗೆ ನಿಜ ಹೇಳಿಬಿಡುತ್ತೇನೆ ಎಂದಳು.

"ಅವರು ಹೇಳಿದ್ದನ್ನ ನೀವು ಬರೆದ್ರಿ. ಕಡತದಲ್ಲಿ ಏನೂ ತಪ್ಪಿಲ್ಲ," ಎಂದರು ಡಾಕ್ಟರು. "ಸುಮ್ನೆ ಇರೋ ಬೆಂಕಿಗೆ ಕೈ ಹಾಕ್ಬೇಡಿ."

"ಬಾಗಿಲ ಕಡೆ ನೋಡಿದ್ಲು ಸಾರ್. ಅದು ಕಡತದಲ್ಲಿಲ್ಲ."

"ಅದನ್ನ ಹೇಳಿದ್ರೆ ಆ ತಾಯಿಗೇನು ಸಿಗುತ್ತೆ?"

"ಗೊತ್ತಿಲ್ಲ. ಹೇಳದಿದ್ರೆ ನನಗೆ ಮಾತ್ರ ಲಾಭ. ಅದು ಗೊತ್ತು."

ಮುಂದಿನ ವಾರ ಹೇಳಿದಳು. ಸುತ್ತಿ ಬಳಸದೆ, ನೇರವಾಗಿ. ಕೇಳಿದ ತಾಯಿ ಅಂದಳು: "ಅವತ್ತು ನನಗಿಂತ ಮುಂಚೆ ಒಳಗೆ ಹೋಗಿ ಬಂದ ಅಕ್ಕ ಒಬ್ರು ನನ್ನ ಕಿವೀಲಿ ಹೇಳಿದ್ರು. ತೂಕ ಅಂತ ಕರೀತಾರೆ, ಒಬ್ಬಳನ್ನೇ ಮಾತಾಡಿಸ್ತಾರೆ, ಹೆದರ್ಬೇಡ ಅಂತ. ಎದೆ ಗಟ್ಟಿ ಮಾಡ್ಕೊಂಡು ಬಂದಿದ್ದೆ ಮೇಡಂ. ಕರೀತೀರ ಅಂತ ಕಾಯ್ತಾ ಇದ್ದೆ."

ಪ್ರಶ್ನೆಮ್ಮ ತಲೆ ತಗ್ಗಿಸಿದಳು.

"ಕರೆದಿದ್ರೆ ಇವನು ಹುಟ್ತಾ ಇರ್ಲಿಲ್ವಾ?"

"ಹುಟ್ಟೋ ಮೊದಲೇ ನಿಮಗೆ ಗೊತ್ತಾಗ್ತಿತ್ತು. ಆಮೇಲೆ ನಿರ್ಧಾರ ನಿಮ್ಮದಾಗ್ತಿತ್ತು."

ಹೊರಗೆ ಹುಡುಗ ಆಯಾಳೊಂದಿಗೆ ಯಾವುದಕ್ಕೋ ಜಗಳವಾಡುತ್ತ ನಗುತ್ತಿದ್ದ. ತಾಯಿ ಆ ನಗುವನ್ನು ಕೇಳಿಸಿಕೊಂಡಳು. "ಎಂಥಾ ಮಾತು ಕೇಳಿಸಿಬಿಟ್ರಿ," ಎಂದಳು. "ಇನ್ನು ಮೇಲೆ ನಿಮ್ಮ ಮುಖ ನೋಡೋಕೆ ನನ್ನಿಂದಾಗಲ್ಲ."

ಹಾಗೆಯೇ ಆಯಿತು. ಎದುರು ಕೋಣೆಯ ಸಹೋದ್ಯೋಗಿ ಆ ಮನೆಯವರನ್ನು ನೋಡತೊಡಗಿದಳು. ಪ್ರಶ್ನೆಮ್ಮನ ಮೇಲೆ ದೂರು ಬರಲಿಲ್ಲ, ಯಾರೂ ಒಂದು ಮಾತು ಅನ್ನಲೂ ಇಲ್ಲ. ಅಂದಿದ್ದರೇ ಚೆನ್ನಾಗಿತ್ತೇನೋ. ಎರಡು ವರ್ಷ ಆಕೆಗೆ ಸರಿಯಾಗಿ ಊಟ ಸೇರಲಿಲ್ಲ.

ಆ ಮನೆಯ ಸುದ್ದಿ ಸಹೋದ್ಯೋಗಿಯಿಂದ ತಿಳಿಯುತ್ತಿತ್ತು. ಸೊಸೆ ಬಾವಿಯ ಸುಳ್ಳನ್ನು ತಾನಾಗಿಯೇ ಮನೆಯಲ್ಲಿ ಹೇಳಿದಳಂತೆ. ಲೈನ್‌ಮನ್ ದೂರದ ಊರಿಗೆ ವರ್ಗ ಮಾಡಿಸಿಕೊಂಡು ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಅತ್ತೆ ಮಾತ್ರ ಎಂಟು ದಿನ ಬಾಯಿಗೆ ಬಂದಂತೆ ಬೈದು, ಒಂಬತ್ತನೆಯ ದಿನ, ಸೊಸೆ ಬಟ್ಟೆಬರೆ ಕಟ್ಟುತ್ತಿದ್ದಾಗ, "ಸುಳ್ಳು ಹೇಳ್ಕೊಂಡು ಮನೆಗೆ ಬಂದೋಳು ಈಗ ನಿಜ ಹೇಳಿ ಎಲ್ಲಿಗೆ ಹೊರಟೆ? ಕೂತು ಉಣ್ಣು ಮೊದಲು," ಎಂದರಂತೆ. ಮೊಮ್ಮಗ ನಡೆಯಲಾರದಂತಾದ ಮೇಲೆ ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿದ್ದವರೂ ಅವರೇ, ಬೆನ್ನು ಹಿಡಿದುಹೋಗುವವರೆಗೆ.

ಏಳು ವರ್ಷ ಹೀಗೆ ಕಳೆಯಿತು. ಕಳೆದ ವರ್ಷ ಒಂದು ಮಂಗಳವಾರ ಆ ತಾಯಿ ಪ್ರಶ್ನೆಮ್ಮನ ಬಾಗಿಲಲ್ಲಿ ಬಂದು ನಿಂತಳು. ಮುಂದೆ ಗಾಲಿಕುರ್ಚಿಯಲ್ಲಿ ಹನ್ನೊಂದು ವರ್ಷದ ಮಗ.

"ದಿನಾ ಕೇಳ್ತಾನೆ, ನನಗೇನಾಗಿದೆ, ಯಾವಾಗ ಸರಿಹೋಗುತ್ತೆ ಅಂತ. ನನ್ನ ಬಾಯಲ್ಲಿ ಬರಲ್ಲ. ಎಲ್ರೂ ಸರಿಹೋಗುತ್ತೆ ಕಂದ ಅಂತಾರೆ. ನೀವು ಹಾಗನ್ನಲ್ಲ ಅಂತ ನನಗೆ ಗೊತ್ತು," ಎಂದಳು. ಹೊಸ್ತಿಲು ದಾಟದೆಯೇ, "ನಿಮ್ಮ ಮೇಲಿನ ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡಿ," ಎಂದಳು.

"ತಿಳ್ಕೊಳ್ಳಲ್ಲ ಅಮ್ಮ. ಬನ್ನಿ."

ಅಂದಿನಿಂದ ಹುಡುಗ ಪ್ರತಿ ಮಂಗಳವಾರ ಬರುತ್ತಾನೆ. ತಾಯಿ ಔಷಧಿಯ ಸಾಲಿನಲ್ಲಿ ನಿಂತಿರುವ ಅರ್ಧ ಗಂಟೆ ಅವನದು. ಅವನು ಕೇಳಿದಷ್ಟಕ್ಕೆ ಮಾತ್ರ ಉತ್ತರ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಕಾಲು ಮತ್ತೆ ಬರುವುದಿಲ್ಲ ಎಂಬುದನ್ನು ಮೂರನೆಯ ವಾರ ಕೇಳಿ ತಿಳಿದ. ಆ ದಿನ ಅವನು ಗೋಡೆ ನೋಡುತ್ತ ಕುಳಿತ, ಆಕೆಯೂ ಕುಳಿತಳು.

ಹೋದ ಮಂಗಳವಾರ ಅವನ ಪ್ರಶ್ನೆ ಬೇರೆ ಇತ್ತು. "ಆಂಟಿ, ನನ್ನ ಮಾವ ಸಾಯೋವಾಗ ಅವರಿಗೆ ನೋವಾಯ್ತಾ?"

"ಅದು ನನಗೆ ಗೊತ್ತಿಲ್ಲ ಕಣೋ. ಆಗ ಅವರ ಹತ್ತಿರ ಇದ್ದೋರು ನಿಮ್ಮಮ್ಮ. ಅವರನ್ನ ಕೇಳೋಣ್ವಾ?"

ಹುಡುಗ ಯೋಚಿಸಿ, ಹೂಂ ಎಂದು ತಲೆಯಾಡಿಸಿದ. ಔಷಧಿಯ ಚೀಲ ಹಿಡಿದು ಬಂದ ತಾಯಿಗೆ ಆಕೆ ವಿಷಯ ತಿಳಿಸಿದಳು. ತಾಯಿ ಗಾಲಿಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, "ಇವತ್ತು ಬೇಡ. ಮುಂದಿನ ವಾರ ಹೇಳ್ತೀನಿ. ನೀವೂ ಇರಿ," ಎಂದಳು.

ಮುಂದಿನ ಮಂಗಳವಾರ ಆ ಹೊತ್ತಿಗೆ ಪ್ರಶ್ನೆಮ್ಮ ಬೇರೆ ಯಾರನ್ನೂ ನೋಡುವುದಿಲ್ಲ.