ಉರಿಯದ ನಾಲಿಗೆ

ಮೊನ್ನೆ ಇದು ಹೀಗಿರಲಿಲ್ಲವಲ್ಲ? ಅಥವಾ ಇದ್ದದ್ದೇ ಹೀಗೋ, ತನಗೇ ತಿಳಿಯಲಿಲ್ಲವೋ? ಕಳಿಸುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಬಾಯಿಗೆ ಹಾಕಿಕೊಂಡ ಜಿನ್ನನ್ನು ತೊಟ್ಟಿಗೆ ಉಗಿದು ಅವರು ಕಾಯುತ್ತಾರೆ. ನಾಲಿಗೆಯ ಅಂಚಿನಲ್ಲಿ ಉಗುರಿನಿಂದ ಕೆರೆದಂಥ ಉರಿ. ಗಂಟಲವರೆಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳದಲ್ಲಿ ವ್ಯಾನಿಗೆ ಇದೇ ಜಿನ್ನಿನ ಪೆಟ್ಟಿಗೆಗಳು ಏರುತ್ತಿವೆ. ಒಳಗಿನ ಪ್ರತಿ ಸೀಸೆಗೂ ‘ಹಾಗೆಯೇ ಸವಿಯಲು’ ಎಂಬ ಚೀಟಿ ಅಂಟಿದೆ. ಆ ಚೀಟಿ ಅಂಟಿಸಿ ಎಂದು ಹೇಳಿದವರು ಇವರೇ.

ಜಿನ್ ಇಳಿಸುವ ಈ ಚಿಕ್ಕ ಭಟ್ಟಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಮೂಗಣ್ಣ ಎಂದು. ಭಟ್ಟಿಯಿಂದ ಇಳಿದ ಪ್ರತಿ ಸರಕನ್ನೂ ಮೊದಲು ಮೂಸಿ, ಬಾಯಲ್ಲಿ ಆಡಿಸಿ, ಉಗಿದು, ಯಾವುದನ್ನು ಏನೂ ಬೆರೆಸದೆ ಗುಟುಕರಿಸಬಹುದು, ಯಾವುದು ಟಾನಿಕ್ ನೀರು, ನಿಂಬೆರಸದ ಜೊತೆ ಕಾಕ್‌ಟೇಲ್‌ಗೆ ಹೋಗಬೇಕು ಎಂದು ತೀರ್ಮಾನಿಸುವುದು ಅವರ ಕೆಲಸ. ಸೀಸೆಯ ಮೇಲೆ ಯಜಮಾನಿಯ ಹೆಸರಿದೆ, ಊರಿನ ಹೆಸರಿದೆ. ಇವರದು ಎಲ್ಲಿಯೂ ಇಲ್ಲ.

“ಬೆರೆಸೋ ಜಿನ್ ಅಂದ್ರೆ ಕೀಳು ಅಂತ ತಿಳ್ಕೋಬೇಡಿ. ಸಂತೇಲಿ ಮಾತಾಡೋನಿಗೆ ಗಂಟಲು ದೊಡ್ಡದಿರ್ಬೇಕು. ನಿಂಬೆ, ಸಕ್ಕರೆ, ಐಸು ಎಲ್ಲಾ ಗಲಾಟೆ ಮಾಡ್ತಿದ್ರೂ ಇವನ ದನಿ ಕೇಳ್ಬೇಕು. ಬರೀದಾಗಿ ಕುಡಿಯೋದು ಹಾಗಲ್ಲ. ಅದು ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದ ಹಾಗೆ. ಅಲ್ಲಿ ಕಿರುಚಿದ್ರೆ ಯಾರು ಕೂರ್ತಾರೆ?” ಎನ್ನುತ್ತಾರೆ ಮೂಗಣ್ಣ.

ಸೀಸೆ ತೊಳೆಯಲು ಬಂದು, ಹಳೆಯ ರುಚಿಗಾರರ ಕೈಕೆಳಗೆ ಪಳಗಿದವರು ಇವರು. ಅವರಿಂದ ಕಲಿತ ಪಥ್ಯವೇ ದೊಡ್ಡದು. ಬೀಡಿಯಿಲ್ಲ, ಹಸಿ ಈರುಳ್ಳಿಯಿಲ್ಲ. ಹಲ್ಲುಜ್ಜುವುದು ಬರೀ ಉಪ್ಪಿನಲ್ಲಿ. ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಖಾರ ಮುಟ್ಟುವುದಿಲ್ಲವೆಂದು ಬೀಗರು ಕೋಪಿಸಿಕೊಂಡದ್ದಿದೆ. ಬಿಳಿ ಗೋಡೆಯ ಈ ಪುಟ್ಟ ಕೋಣೆಗೆ ಸುವಾಸನೆಯ ಎಣ್ಣೆ ಹಚ್ಚಿಕೊಂಡವರಿಗೆ ಪ್ರವೇಶವಿಲ್ಲ. ಸೀಸೆ ತುಂಬಿಸುವ ಅಕ್ಕನನ್ನು ಒಮ್ಮೆ ಅದಕ್ಕಾಗಿಯೇ ಹೊರಗೆ ಕಳಿಸಿದ್ದರು. “ಮೂಗಿಗಿಂತ ಮೂಗುತಿ ಭಾರ ಕಣಪ್ಪಾ ಇವನದು” ಎಂದು ಆಕೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ಈಗ ಅವರು ಇನ್ನೊಂದು ಲೋಟ ತೆಗೆಯುತ್ತಾರೆ. ಹೋದ ವರ್ಷ ತಾವೇ ಸವಿಯಲು ಯೋಗ್ಯವೆಂದು ಆರಿಸಿದ, ಎಲ್ಲರೂ ಮೆಚ್ಚಿದ ಜಿನ್ ಅದು. ಹೋಲಿಸಿ ನೋಡಲು ಕಪಾಟಿನಲ್ಲಿ ಇಟ್ಟದ್ದು. ಒಂದು ಗುಟುಕು. ಜಿನ್ನಿಗೆ ಹಾಕುವ ಜುನಿಪರ್ ಕಾಯಿಯ ಹಸಿರು ವಾಸನೆ, ಹಿಂದೆಯೇ ನಿಂಬೆಸಿಪ್ಪೆ, ಕೊತ್ತಂಬರಿ ಬೀಜ. ಆಮೇಲೆ ರೇಷ್ಮೆ ಜಾರಿದಂತೆ ಮೌನ. ಉರಿಯೇ ಇಲ್ಲ. ಅಲ್ಲಿಗೆ ಇವತ್ತು ನಾಲಿಗೆ ಸರಿಯಾಗಿದೆ. ಕೆಟ್ಟಿದ್ದದ್ದು ಮೊನ್ನೆ.

ಮೊನ್ನೆ ಎಂದೊಡನೆ ಕೈ ದವಡೆಗೆ ಹೋಗುತ್ತದೆ. ಹಲ್ಲುನೋವು. ಅದರ ಹಿಂದಿನ ರಾತ್ರಿಯೆಲ್ಲ ನರಳಿದ್ದರು. ಹೆಂಡತಿ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟಿದ್ದಳು. ಬೇಡವೆಂದರೂ ಬೆಳಿಗ್ಗೆ ಹೊರಡುವಾಗ ಮತ್ತೊಮ್ಮೆ: “ಬಾಯಿ ತೆಗೀರಿ ಸುಮ್ನೆ. ನೋವಿಟ್ಕೊಂಡು ಅದೇನು ರುಚಿ ನೋಡ್ತೀರೋ.” ಭಟ್ಟಿಗೆ ಬಂದು ಉಪ್ಪುನೀರಿನಲ್ಲಿ ಬಾಯಿ ತೊಳೆದರು, ಮೂಗಿಗೆ ಲವಂಗ ತಟ್ಟಲಿಲ್ಲ. ಮೂಗು ಒಪ್ಪಿತೆಂದು ನಾಲಿಗೆಯನ್ನು ಕೇಳಲೇ ಇಲ್ಲ. ಲವಂಗದಿಂದ ಮರಗಟ್ಟಿದ್ದ ನಾಲಿಗೆಗೆ ಉರಿ ಹತ್ತಲಿಲ್ಲ. ಎಷ್ಟು ನಯ ಎಂದು ಹಿಗ್ಗಿದ್ದರು.

ಹೊರಗೆ ವ್ಯಾನಿನ ಹಾರನ್ನು. “ಮೂಗಣ್ಣಾ, ಹೊರಡ್ಲಾ?” ಎಂದು ಡ್ರೈವರ್ ಕೂಗುತ್ತಾನೆ.

ಹೊರಡು ಅನ್ನಬಹುದು. ಕುಡಿಯುವವರಲ್ಲಿ ಅರ್ಧ ಜನ ಐಸು ಹಾಕುತ್ತಾರೆ, ತಣ್ಣಗಾದರೆ ಒರಟು ಅಡಗುತ್ತದೆ. ಉಳಿದರ್ಧ ಜನ ಮುಖ ಸಿಂಡರಿಸಿ ಸೀಸೆ ಬದಿಗಿಡುತ್ತಾರೆ, ಯಾರಿಗೆ ದೂರುತ್ತಾರೆ? ಆದರೆ ತಪ್ಪಾಯಿತೆಂದು ಹೇಳಿಬಿಟ್ಟರೆ, ನಾಳೆಯಿಂದ ತನ್ನ ಮಾತನ್ನು ನಂಬುವವರು ಯಾರು? ಈ ಕೋಣೆಯಲ್ಲಿ ನಂಬಿಕೆಯೊಂದನ್ನು ಬಿಟ್ಟರೆ ಇವರ ಕೈಯಲ್ಲಿ ಬೇರೆ ಹತಾರವಿಲ್ಲ. ಲೋಟ ಕೆಳಗಿಟ್ಟು ಅಂಗಳಕ್ಕೆ ಬರುತ್ತಾರೆ.

“ಇಳಿಸಪ್ಪಾ.”

“ಏನು?”

“ಪೆಟ್ಟಿಗೆ. ಎಲ್ಲಾನೂ ಇಳಿಸು.”

ಗೇಟಿನೊಳಗೆ ಆಗಷ್ಟೇ ಕಾಲಿಟ್ಟ ಯಜಮಾನಿ ನಿಂತಲ್ಲೇ ನಿಲ್ಲುತ್ತಾರೆ. ಇವರು ತಲೆ ತಗ್ಗಿಸಿ ಹೇಳುತ್ತಾರೆ: “ಮೇಡಂ, ಇದು ಬೆರೆಸೋ ಜಿನ್ನು. ಮೊನ್ನೆ ನನ್ನ ನಾಲಿಗೆ ಸತ್ತಿತ್ತು. ಹಲ್ಲಿಗೆ ಲವಂಗದೆಣ್ಣೆ ಹಾಕಿದ್ದೆ.”

“ಎಣ್ಣೆ ಹಚ್ಕೊಂಡು ಬಂದೋರನ್ನ ಹೊರಗೆ ಹಾಕೋ ಮನುಷ್ಯ ನೀವು!” ಆಕೆಯ ದನಿ ಏರುವುದಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. “ಯಾರು ಹಾಕಿದ್ದು ನಿಮಗೆ?”

“ನಾನೇ ಹಾಕ್ಕೊಂಡೆ.”

ಯಜಮಾನಿ ವ್ಯಾನಿನ ಕಡೆ ನೋಡುತ್ತಾರೆ, ಇವರ ಕಡೆ ನೋಡುತ್ತಾರೆ. “ಚೀಟಿ ಕಿತ್ತು ಬೇರೆ ಅಂಟಿಸಿ. ಇನ್ಮೇಲೆ ನೀವು ನೋಡಿದ್ಮೇಲೆ ನಾನೂ ಒಂದ್ಸಲ ನೋಡ್ತೀನಿ.”

ಬೈದಿದ್ದರೆ ಹಗುರವಾಗುತ್ತಿತ್ತು. ಮಧ್ಯಾಹ್ನದವರೆಗೆ ಮೂಗಣ್ಣನೂ ಮೇಜಿಗೆ ಕೂತು, ನೀರಲ್ಲಿ ನೆನೆಸಿದ ಸೀಸೆಗಳ ಚೀಟಿ ಕೀಳುತ್ತಾರೆ. “ಬಿಡಪ್ಪಾ, ಆನೆಗೂ ಅಡಿ ತಪ್ಪುತ್ತೆ. ನಿಂದು ಬರೀ ಹಲ್ಲು” ಎಂದು ಸೀಸೆ ಅಕ್ಕ ಅಣಕಿಸಿದರೆ ಮೇಜಿನ ಸುತ್ತ ಇದ್ದವರೆಲ್ಲ ನಗುತ್ತಾರೆ. ಇವರಿಗೆ ನಗು ಬಾರದು. ಈ ಕೆಲಸದಲ್ಲಿ ನಿನ್ನ ಆಸೆಯಾದರೂ ಏನೆಂದು ಆಕೆ ಕೇಳಿದರೆ, ಚೀಟಿ ಕೀಳುತ್ತಲೇ ಹೇಳುತ್ತಾರೆ: “ಎಲ್ಲೋ ಒಬ್ರು, ನಾನು ನೋಡ್ದೇ ಇರೋರು, ಒಂದು ಗುಟುಕು ಕುಡಿದು ಮುಖ ಕಿವುಚದೆ ಇದ್ರೆ ಸಾಕು.”

ಸಂಜೆ ಮನೆಯಲ್ಲಿ ಹೆಂಡತಿ ಚಹಾ ಲೋಟ ಕೊಡುತ್ತಾ ದವಡೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. “ಊತ ಇಳಿದಿದೆ. ನೋಡಿದ್ರಾ, ನನ್ನ ಎಣ್ಣೆ ಕೆಲಸ ಮಾಡ್ತು.”

“ಮಾಡ್ತು ಕಣೇ” ಎನ್ನುತ್ತಾರೆ. “ಚೆನ್ನಾಗೇ ಮಾಡ್ತು.”

ಎಣ್ಣೆ ಇಟ್ಟವಳು ಹೆಂಡತಿ ಎಂದು ಅವರು ಯಜಮಾನಿಗೆ ಹೇಳಿಲ್ಲ. ಆ ಎಣ್ಣೆಯಿಂದ ಏನಾಯಿತೆಂದು ಹೆಂಡತಿಗೂ ಹೇಳಿಲ್ಲ.