ಈರಪ್ಪಜ್ಜ ಮುಳುಗಿಸಿದ ದೋಣಿ

ಯಾರ ಮನೆಗೆ ಹೋದರೂ ಈರಪ್ಪಜ್ಜ ಮೊದಲು ಮಾತಾಡಿಸುತ್ತಿದ್ದುದು ಬಾಗಿಲನ್ನು. ಬೆರಳ ಗೆಣ್ಣಿನಿಂದ ಚೌಕಟ್ಟು ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಮನೆಯವರತ್ತ ತಿರುಗುವರು. ಜಮಖಂಡಿಯ ನಮ್ಮ ಹೊಸ ಮನೆಗೆ ಬಂದಾಗಲೂ ಅಷ್ಟೇ. "ಸಾಗವಾನಿ ಖರೆ ಐತ್ರಿ ಅಕ್ಕಾರ. ಆದ್ರ ಹಸೀದ ಕೊಯ್ದಾರ. ಮಳಿಗಾಲದಾಗ ಬಾಗಲಾ ಮುಚ್ಚೂದಿಲ್ಲ, ನೋಡ್ರಿ." ಮುಚ್ಚಲಿಲ್ಲ. ನಮ್ಮ ಯಜಮಾನರು ಇವತ್ತಿಗೂ ಮಳೆಗಾಲದಲ್ಲಿ ಭುಜ ಕೊಟ್ಟು ದೂಡಿಯೇ ಚಿಲಕ ಹಾಕುತ್ತಾರೆ.

ಗಲಗಲಿಯ ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಮನೆತನ ಅವರದು. ಸೇತುವೆ ಬಂದಮೇಲೆ ದೋಣಿ ಕೇಳುವವರಿಲ್ಲ. ತಗಡಿನ ಛಪ್ಪರದ ಪಕ್ಕದ ನೀರಿನಲ್ಲಿ ಅವರು ಕಟ್ಟಿದ ಕೊನೆಯ ದೊಡ್ಡ ದೋಣಿಯೊಂದು ಉಳಿದಿತ್ತು. ಅದು ಸೌದೆಯಾಗಬಾರದೆಂದು, ಇತಿಹಾಸ ಕಲಿಸುವ ನಾನು ಹಟ ಹಿಡಿದು ನಮ್ಮ ಕಾಲೇಜಿಗೆ ತರಿಸಿದೆ. ದೀಪಾವಳಿ ಮುಗಿದ ಮೇಲೆ ಟ್ರ್ಯಾಕ್ಟರಿನಲ್ಲಿ ಬಂತು. ಸಿಮೆಂಟಿನ ಕಟ್ಟೆ, ವಾರ್ನಿಷ್, ಹಾರ, ಭಾಷಣ, ಎಲ್ಲ ಆಯಿತು. ಹೊದಿಸಿದ ಶಾಲನ್ನು ಬಿಟ್ಟು ಅಜ್ಜ ಕಟ್ಟೆಯನ್ನೇ ನೋಡುತ್ತಿದ್ದರು.

"ಒಣ ನೆಲದ ಮ್ಯಾಲ ಎಷ್ಟ ದಿನ ಇಡ್ತೀರಿ?"

"ಕಾಯಂ ಇಲ್ಲೇರಿ ಅಜ್ಜಾರ" ಎಂದೆ, ಹೆಮ್ಮೆಯಿಂದ.

ಶಿವರಾತ್ರಿಯ ಹೊತ್ತಿಗೆ ಹಲಗೆಗಳ ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಹೇಳಿಕಳಿಸಿದೆ. ಅಜ್ಜ ಬಂದು, ನೋಡಿ, ಗೆಣ್ಣಿನಿಂದ ಹಲಗೆ ತಟ್ಟಿ ಕಿವಿಯಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀರಡಿಸೈತ್ರಿ ಅಕ್ಕಾರ. ನಡ್ರಿ, ಮುಳಗಸೂಣು."

"ಮುಳಗಸೂದ? ಇದೊಂದ ಉಳದೈತಲ್ರಿ!"

"ಅದಕ್ಕ ಮುಳಗಸೂದು. ನಮ್ಮಪ್ಪ ಬ್ಯಾಸಗ್ಯಾಗ ದೋಣಿ ಎಲ್ಲಾ ಮುಳುಗಿಸಿ ಇಡ್ತಿದ್ದ. ನೀರ ಕುಡದ ಹಲಗಿ ಉಬ್ಬಿ, ಸಂದಿ ತಾನ ಮುಚ್ಚತೈತಿ. ಹೊಳಿ ಏರೂಕಿಂತ ಮೊದಲ ಎತ್ತೂಣು."

"ತಲಿ ಕೆಟ್ಟೈತೇನ್ರಿ ಮೇಡಂ?" ಎಂದರು ಪ್ರಿನ್ಸಿಪಾಲರು. ಹಾಳಾದರೆ ನಾನೇ ಹೊಣೆ ಎಂದು ಬರೆದುಕೊಟ್ಟೆ. ದೋಣಿಯನ್ನು ಮತ್ತೆ ಗಲಗಲಿಗೆ ಒಯ್ದು ಮಡುವಿಗೆ ಇಳಿಸಿದೆವು. ಅದರೊಳಗೆ ಅಜ್ಜ ಒಂದೊಂದೇ ಕಲ್ಲು ಹೇರಿದರು. ಅಂಚು ನೀರಿನಡಿ ಕಾಣದಾದಾಗ ನಾನು ಅತ್ತೇಬಿಟ್ಟೆ.

"ಅಳಬ್ಯಾಡ್ರಿ. ಕೂಸಿಗೆ ಎರದು ಮಲಗಸೂದಿಲ್ಲೇನ್ರಿ? ಹಂಗ ಇದು."

ಅದೇ ಕೊನೆಯ ಭೇಟಿ. ಬಸವ ಜಯಂತಿಯಾದ ವಾರಕ್ಕೆ ಅಜ್ಜ ತೀರಿಕೊಂಡರು. ನನಗೆ ದುಃಖದ ಜೊತೆಗೆ ಭಯವೂ ಆಯಿತು, ಸುಳ್ಳೇಕೆ ಹೇಳಲಿ. ಹೊಳೆಯೊಳಗೆ ದೋಣಿ ಏನಾಗಿದೆಯೋ ಬಲ್ಲವರು ಅವರೊಬ್ಬರೇ.

ಮಳೆಗೆ ಮೊದಲು ಅವರ ಮಗ ಮಲ್ಲಪ್ಪ ನಾಲ್ಕು ಜನರನ್ನು ಕರೆತಂದು ಕಲ್ಲು ತೆಗೆಸಿದ. ದೋಣಿ ಕೆಸರು ಮೆತ್ತಿಕೊಂಡು ಮೇಲೆ ಬಂತು. ಒಳಗಿನ ನೀರೆಲ್ಲ ಚೆಲ್ಲಿ, ಒರೆಸಿ, ನಾನೂ ಮಲ್ಲಪ್ಪನೂ ಹತ್ತಿ ಕುಳಿತೆವು. ನಡುಹೊಳೆಗೆ ಬಂದರೂ ನಾನು ಹಲಗೆಗಳ ಮೇಲೆ ಕೈಯಾಡಿಸುತ್ತಲೇ ಇದ್ದೆ. ಎಲ್ಲಿಯೂ ಒಂದು ಹನಿ ಒಳಗೆ ಬರಲಿಲ್ಲ.

"ಅಜ್ಜಾರ!" ಎಂದು ಕೂಗಿ ದಂಡೆಯ ಕಡೆ ತಿರುಗಿಬಿಟ್ಟೆ.

ಮಲ್ಲಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ.